ಇದ್ದಿಲು, ಪುಠಾಣಿ ಹಿಟ್ಟು ಮತ್ತು ನೀಲವ್ವನ ಅಂಗುಳು

ನನ್ನ ಕನ್ನಡಿಯ ಎಡ ಮೂಲೆಯಲ್ಲಿ ಪಾದರಸದ ಲೇಪ ಎದ್ದುಹೋಗಿತ್ತು. ಅದರಲ್ಲಿ ಯಾರ ಬಾಯಿಯನ್ನು ನೋಡಿದರೂ ಒಂದು ದವಡೆಹಲ್ಲು ಕಾಣೆಯಾಗಿರುತ್ತಿತ್ತು. ನಾನು ಕಂಡದ್ದನ್ನು ಕಂಡ ಹಾಗೆಯೇ ಚಿತ್ರ ಬರೆದು ಪುಣೆಗೆ ಅಂಚೆಯಲ್ಲಿ ಕಳಿಸಿದೆ. ನಮ್ಮ ಪ್ರೊಫೆಸರರು ಅವನ್ನೆಲ್ಲ ಸಾಲಾಗಿಟ್ಟು ನೋಡಿ, ಜತ್ತ ತಾಲೂಕಿನಲ್ಲಿ ಎಲ್ಲರಿಗೂ ಅದೇ ಹಲ್ಲು ಬಿದ್ದುಹೋಗುವುದಕ್ಕೆ ನೀರು ಕಾರಣವಿರಬಹುದೇ ಎಂದು ವಿಚಾರಿಸಿ ಬರೆದರು. ಅವರು ತಮಾಷೆಗೆ ಬರೆದದ್ದಲ್ಲ. ಅವರು ಯಾವುದನ್ನೂ ತಮಾಷೆಗೆ ಮಾಡುತ್ತಿರಲಿಲ್ಲ, ಅದರಿಂದಲೇ ನಮಗೆ ಅಷ್ಟು ನಗು ಸಿಗುತ್ತಿತ್ತು.

ಭಾಷೆಯ ಧ್ವನಿಗಳನ್ನು ಅಭ್ಯಾಸ ಮಾಡುವ ಕೆಲಸಕ್ಕೆ ಈಗ ಬರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಆಗಾಗ ಕೇಳುತ್ತಾರೆ, ಯಂತ್ರಗಳಿಲ್ಲದ ಕಾಲದಲ್ಲಿ ನೀವೆಲ್ಲ ಏನು ಮಾಡುತ್ತಿದ್ದಿರಿ ಎಂದು. ಜನರ ಬಾಯಿ ನೋಡುತ್ತಿದ್ದೆವು. ನಾಲಿಗೆ ಅಂಗುಳಿನ ಯಾವ ಭಾಗವನ್ನು ಮುಟ್ಟುತ್ತದೆ ಎಂಬುದು ಎದುರಿಗೆ ಕುಳಿತವರಿಗೆ ಕಾಣುವುದಿಲ್ಲ, ಮಾತನಾಡುವವರಿಗೂ ತಿಳಿಯುವುದಿಲ್ಲ. ಅದಕ್ಕೆ ಅಂಗುಳಿಗೆ ಕಪ್ಪು ಪುಡಿ ಬಳಿಯುತ್ತಿದ್ದೆವು. ಒಂದೇ ಒಂದು ಪದ ಹೇಳಿಸಿ ತಕ್ಷಣ ಬಾಯಿ ತೆರೆಸಿ ಕನ್ನಡಿ ಇಡುತ್ತಿದ್ದೆವು. ನಾಲಿಗೆ ತಗಲಿದ ಕಡೆ ಪುಡಿ ಅಳಿಸಿಹೋಗಿರುತ್ತಿತ್ತು. ಆ ಅಳಿಸಿದ ಜಾಗದ ಚಿತ್ರ ಬರೆದುಕೊಂಡರೆ ಕೆಲಸ ಆಯಿತು. ಪದ ಮಾತ್ರ ಯೋಚಿಸಿ ಆರಿಸಬೇಕು, ನಾಲಿಗೆ ಒಂದೇ ಸಲ ಮೇಲಕ್ಕೆ ಹೋಗುವಂಥದ್ದು. ಆ ಸೀಮೆಯವರು ದಿನವಿಡೀ ಆಡುವ 'ಭಾಳ' ನನಗೆ ಬಹಳ ಒದಗಿತು. ಮೊದಲನೆಯದು ತುಟಿಯ ಕೆಲಸ. ನಾಲಿಗೆ ಏಳುವುದು ಳಕಾರಕ್ಕೆ ಮಾತ್ರ.

ಪುಡಿಗೆ ಇದ್ದಿಲಿನ ಜೊತೆ ಚಾಕಲೇಟಿನ ಪುಡಿ ಬೆರೆಸಬೇಕೆಂದು ಪ್ರೊಫೆಸರರು ಓದಿದ ವಿಲಾಯತಿ ಪುಸ್ತಕದಲ್ಲಿತ್ತು. ನಾನಿದ್ದ ಉಮದಿ ಊರಿನ ಸಂತೆಯಲ್ಲಿ ಚಾಕಲೇಟಿನ ಪುಡಿ ಕೇಳಲಿಲ್ಲ. ಪುಠಾಣಿಯ, ಎಂದರೆ ಹುರಿಗಡಲೆಯ, ಹಿಟ್ಟು ಮತ್ತು ಒಂದಿಷ್ಟು ಸಕ್ಕರೆ ಬೆರೆಸಿದೆ. ಅಂಗುಳಿಗೆ ಚೆನ್ನಾಗಿ ಹಿಡಿಯುತ್ತಿತ್ತು. ಇರುವೆಗಳಿಗೂ ಹಿಡಿಸುತ್ತಿತ್ತಾದ್ದರಿಂದ ಒಂದು ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಇಟ್ಟುಕೊಂಡೆ.

ಇದು ಐವತ್ತರ ದಶಕದ ನಡುವಿನ ಮಾತು. ಜತ್ತ ಸಂಸ್ಥಾನ ಹೋಗಿ ಹೆಚ್ಚು ವರ್ಷಗಳಾಗಿರಲಿಲ್ಲ, ಭಾಷೆಯ ಪ್ರಕಾರ ರಾಜ್ಯಗಳಾಗುತ್ತವೆ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಅಂಥ ಹೊತ್ತಿನಲ್ಲಿ ಧಾರವಾಡ ಕಡೆಯ ಹುಡುಗಿಯೊಬ್ಬಳು ಪುಣೆಯಿಂದ ಬಂದು ಜನರ ಮಾತು ಬರೆದುಕೊಳ್ಳುತ್ತಾಳೆಂದರೆ, ಗಡಿಯ ಗೆರೆ ಅವಳ ಪೆನ್ಸಿಲಿನಲ್ಲೇ ಇದೆ ಎಂದು ಉಮದಿಯವರು ತಿಳಿದರು. ನಾನು ಇಲ್ಲವೆಂದಷ್ಟೂ ಅವರ ನಂಬಿಕೆ ಗಟ್ಟಿಯಾಯಿತು.

ಮೊದಲ ವಾರದ ಕೆಲಸ ಪದಗಳನ್ನು ಉಚ್ಚಾರದಲ್ಲಿ ತುಂಡು ಮಾಡಿಸುವುದು. 'ಕುಂದ್ರಿ' ಎಂಬಲ್ಲಿ ಮೊದಲ ತುಂಡು ಎಲ್ಲಿ ಮುಗಿಯುತ್ತದೆ, ದಕಾರ ಹಿಂದಿನದಕ್ಕೆ ಸೇರಿದ್ದೋ ಮುಂದಿನದಕ್ಕೋ ಎಂದು ಪ್ರೊಫೆಸರರಿಗೆ ತಿಳಿಯಬೇಕಾಗಿತ್ತು. ನೇರವಾಗಿ ಕೇಳಿದರೆ ಜನ, "ಚಲೋ ಐತೆಲ್ರಿ ಮಾತು, ಅದನ್ನ ಯಾಕ ಕತ್ತರಿಸ್ತೀರಿ?" ಎನ್ನುತ್ತಿದ್ದರು. ಆಮೇಲೆ ಒಂದು ಉಪಾಯ ತಾನಾಗಿ ಸಿಕ್ಕಿತು. ಯಾರ ಮನೆಗೆ ಹೋದರೂ "ಬರ್ರಿ, ಕುಂದ್ರಿ" ಎನ್ನುತ್ತಾರೆ. ನಾನು ಕುಳಿತುಕೊಳ್ಳದೆ ನಿಂತರೆ ಮತ್ತೆ ಹೇಳುತ್ತಾರೆ, ಇನ್ನೂ ನಿಧಾನವಾಗಿ. ಆಗಲೂ ನಿಂತೇ ಇದ್ದರೆ, ಕಿವುಡರಿಗೆ ಹೇಳುವಂತೆ ಪದವನ್ನು ಬಿಡಿಸಿ ಹೇಳುತ್ತಾರೆ. ನನಗೆ ಬೇಕಾದದ್ದು ಅದೇ. ಹೀಗೆ ಓಣಿಯಿಂದ ಓಣಿಗೆ ಪೆನ್ಸಿಲ್ ಹಿಡಿದು ನಿಂತುಕೊಂಡೇ ಹೋದೆ. ಕಟ್ಟೆಯ ಮೇಲಿನ ಹಿರಿಯರೊಬ್ಬರು ಪಕ್ಕದವರಿಗೆ, "ಪಾಪ, ಸರಕಾರ ಇವರಿಗೆ ಕುಂದ್ರಾಕ ಹುಕುಂ ಕೊಟ್ಟಿಲ್ಲೇನ?" ಎಂದರು. ಪಕ್ಕದವರು, "ಹಂಗಲ್ಲೋ. ನಮ್ಮೂರು ಯಾ ಕಡೆ ಹಾಕಬೇಕಂತ ತಿಳೀವಲ್ದು, ಅದಕ್ಕ ನಿಂತಾರ" ಎಂದರು.

ಕೊನೆಗೆ ಅರ್ಧ ಜನ ಪದವನ್ನು ಒಂದು ಕಡೆ ಕಡಿದರು, ಅರ್ಧ ಜನ ಇನ್ನೊಂದು ಕಡೆ. ಪ್ರೊಫೆಸರರು ತಮಗೆ ಬೇಕಾದ ಅರ್ಧವನ್ನು ಒಪ್ಪಿಕೊಂಡರು.

ನಾನು ಇಳಿದುಕೊಂಡದ್ದು ವ್ಯಾಪಾರಸ್ಥರ ಮನೆತನದ ನೀಲವ್ವ ಎಂಬ ಹಿರಿಯ ಹೆಂಗಸಿನ ಮನೆಯಲ್ಲಿ. ಅವರ ಯಜಮಾನರು ತೀರಿಕೊಂಡಿದ್ದರು. ಮಗ ಮಲ್ಲಪ್ಪ ಶೇಂಗಾ ವ್ಯಾಪಾರಕ್ಕೆಂದು ವಿಜಾಪುರಕ್ಕೆ ಹೋಗಿ ಬರುತ್ತಿದ್ದ. ಮನೆಯಲ್ಲಿ ಹೆಚ್ಚಾಗಿ ಇರುತ್ತಿದ್ದವರು ನೀಲವ್ವ ಮತ್ತು ಸೊಸೆ ಶಾಂತವ್ವ. ನೀಲವ್ವ ಉಮದಿಯಲ್ಲೇ ಹುಟ್ಟಿ ಉಮದಿಯಲ್ಲೇ ಮದುವೆಯಾದವರು, ಅರವತ್ತರ ಹತ್ತಿರವಾದರೂ ಹಲ್ಲೆಲ್ಲ ಗಟ್ಟಿ, ಮಾತಿಗೆ ನಿಂತರೆ ಸಾಲಿಯ ಮಾಸ್ತರರೂ ದಾರಿ ಬದಲಿಸುವಂಥವರು. ನಮ್ಮ ಕೆಲಸಕ್ಕೆ ಅವರಿಗಿಂತ ಒಳ್ಳೆಯ ಬಾಯಿ ಸಿಗುವಂತಿರಲಿಲ್ಲ. ಆದರೆ ಆ ಬಾಯಿಯನ್ನು ಅವರು ನನ್ನ ಎದುರು ತೆರೆಯಲೊಪ್ಪಲಿಲ್ಲ.

"ಏ ಬಿಡ್ರಿ ಅಕ್ಕಾರ, ಈ ವಯಸ್ಸಿನಾಗ ಆಂ ಅಂತ ಬಾಯಿ ತಕ್ಕೊಂಡು ಕುಂದರ್ಲ್ಯಾ? ನಮ್ಮ ಶಾಂತಾ ಅದಾಳ. ಹಲ್ಲ ಮುತ್ತಿನಂಗ ಅದಾವ. ಆಕಿ ಬಾಯಿ ನೋಡ್ರಿ."

ಮಾತನಾಡುವಾಗ ಅವರು ಸೆರಗಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದಿರುತ್ತಿದ್ದರು. ನಾನು ಅದನ್ನು ಹಳೆಯ ಕಾಲದ ನಾಚಿಕೆ ಎಂದುಕೊಂಡೆ. ಸೆರಗಿನ ಹಿಂದಿನಿಂದ ಬರುವ ವ್ಯಂಜನಗಳು ಮಬ್ಬಾಗಿ ಕೇಳುತ್ತವೆ ಎಂದು ಪ್ರೊಫೆಸರರಿಗೆ ದೂರನ್ನೂ ಬರೆದೆ. ಅವರು ತಿರುಗಿ, ಸೆರಗು ಹತ್ತಿಯದೋ ರೇಷ್ಮೆಯದೋ ಎಂದು ಕೇಳಿದರು.

ಬಾಯಿ ತೆರೆಯದಿದ್ದರೂ ನೀಲವ್ವನ ಮಾತನ್ನು ನಾನು ಬೇಕಾದಷ್ಟು ಬರೆದುಕೊಂಡೆ. ಕೇಳಿದ ಧ್ವನಿಗೆ ತಕ್ಕ ಗುರುತನ್ನು ಹಾಕುತ್ತ ಹೋಗುವ ಲಿಪಿ ನಮ್ಮದು. ಅದರಲ್ಲಿ ಕೆಲವು ಅಕ್ಷರ ತಲೆಕೆಳಗಾಗಿರುತ್ತವೆ, ಕೆಲವಕ್ಕೆ ಬಾಲವಿರುತ್ತದೆ. ನೀಲವ್ವ ಒಮ್ಮೆ ಬಗ್ಗಿ ನೋಡಿ, "ಇವೇನು ನನ್ನ ಮಾತೇನ್ರಿ? ಇರುವಿ ಸತ್ತ ಬಿದ್ದಂಗ ಅದಾವಲ್ಲ" ಎಂದರು. ಬರೆದದ್ದು ಸರಿಯೋ ಎಂದು ತಿಳಿಯಲು ಅದನ್ನು ಗಟ್ಟಿಯಾಗಿ ಓದಿ ತೋರಿಸುವುದು ನಮ್ಮ ಪದ್ಧತಿ. ಅಂದು ಬರೆದಿದ್ದದ್ದು ಅವರು ಬೆಳಿಗ್ಗೆ ಎಮ್ಮೆ ನೀರು ಚೆಲ್ಲಿದ್ದಕ್ಕೆ ಸೊಸೆಯನ್ನು ಕೂಗಿ ಬೈದ ಮಾತು. ಏರು ಇಳಿತಗಳನ್ನೆಲ್ಲ ಗುರುತು ಹಾಕಿದ್ದೆ, ಹಾಗೆಯೇ ಓದಿದೆ. ಓದಿ ಮುಗಿಸುವಷ್ಟರಲ್ಲಿ ಹಿತ್ತಲಿನಿಂದ ಶಾಂತವ್ವ ಒದ್ದೆ ಕೈಯಲ್ಲಿ ಓಡಿ ಬಂದಳು.

"ಏನ್ರಿ ಅತ್ತಿ, ಮತ್ತ ಚೆಲ್ಲೇತೇನ್ರಿ?"

ನೀಲವ್ವ ಸೆರಗಿನೊಳಗೇ ಅಲುಗಾಡಿಕೊಂಡು ನಕ್ಕರು. ನಾನು ಮುಂದೆ ಪಡೆದ ಪ್ರಮಾಣಪತ್ರಗಳಲ್ಲಿ ಯಾವುದೂ ಅಂದಿನದಕ್ಕೆ ಸಮನಾಗಲಿಲ್ಲ.

ಶಾಂತವ್ವ ಸೊರಡಿ ಎಂಬ ಊರಿನ ಹುಡುಗಿ. ಹದಿನೆಂಟು ಹತ್ತೊಂಬತ್ತು ಇರಬೇಕು. ಮಾತು ಕಡಿಮೆ, ನನ್ನ ಹಾಗೆಯೇ. ಅದರಿಂದ ನಮ್ಮಿಬ್ಬರಿಗೆ ಬೇಗ ಹೊಂದಿತು. ಅಂಗಳದ ಬಿಸಿಲಿಗೆ ಮುಖ ಮಾಡಿ ಅವಳನ್ನು ಕೂಡಿಸಿ, ಅಂಗುಳಿಗೆ ಕುಂಚದಿಂದ ಪುಡಿ ಬಳಿದು "ಭಾಳ ಅನ್ನು" ಎನ್ನುತ್ತಿದ್ದೆ. ಅಂದ ಮೇಲೆ ಅವಳು ಬಾಯಿ ತೆರೆದು ಅಲುಗದೆ ಇರುತ್ತಿದ್ದಳು. ಒಮ್ಮೆ ಬಾಯಿ ಮುಕ್ಕಳಿಸಿ ಬಂದು ಹೇಳಿದಳು: "ಅಕ್ಕಾರ, ಈ ಮನ್ಯಾಗ ನನ್ನ ಒಂದ ಮಾತ ಇಷ್ಟ ಲಕ್ಷ್ಯಗೊಟ್ಟು ಕೇಳಿದಾಕಿ ನೀವ ಮೊದಲರಿ."

ಹಾಸ್ಯಕ್ಕೇ ಅಂದದ್ದು. ಆದರೆ ಆ ಮನೆಯಲ್ಲಿ ಅವಳ ಬಗ್ಗೆ ನಡೆಯುತ್ತಿದ್ದ ಮಾತು ಬೇರೆ ಇತ್ತು. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಡಫಳಾಪುರದಲ್ಲಿದ್ದ ನೀಲವ್ವನ ನಾದಿನಿ ಬಂದಾಗಲೆಲ್ಲ ಅಲ್ಲಿಯ ಒಂದು ಹುಡುಗಿಯ ಗುಣ ಹೊಗಳಿ ಹೋಗುತ್ತಿದ್ದಳು. ಮಲ್ಲಪ್ಪನಿಗೆ ಎರಡನೆಯ ಸಂಬಂಧ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ. ನೀಲವ್ವ ಆ ಮಾತಿಗೆ ಹೂಂ ಎಂದವರೂ ಅಲ್ಲ, ಊಹೂಂ ಎಂದವರೂ ಅಲ್ಲ. ಅವರು ಮಠಕ್ಕೆ ಹೋಗಿ ಸ್ವಾಮಿಗಳ ಮುಂದೆ ಒಂದು ಹರಕೆ ಹೊತ್ತು ಬಂದಿದ್ದರು: ಸೊಸೆ ಬಸಿರಾಗುವವರೆಗೆ ಮಶೇರಿ ಮುಟ್ಟುವುದಿಲ್ಲ ಎಂದು.

ಮಶೇರಿ ಎಂದರೆ ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಮಾಡಿದ ಪುಡಿ. ಆ ಕಡೆಯ ಹೆಂಗಸರು ಅದನ್ನು ಹಲ್ಲಿಗೆ ತಿಕ್ಕುತ್ತಾರೆ, ತಿಕ್ಕಿದ ಮೇಲೆ ತುಸು ಹೊತ್ತು ಲೋಕವೇ ಹಗುರಾದಂತೆ ಕೂಡುತ್ತಾರೆ. ರೂಢಿಯಿದ್ದವರು ಅದನ್ನು ಬಿಡುವುದೆಂದರೆ ಊಟ ಬಿಟ್ಟಷ್ಟು ದೊಡ್ಡದು. ನೀಲವ್ವನ ಹರಕೆಯ ಸುದ್ದಿ ಉಮದಿಯಲ್ಲೆಲ್ಲ ಹರಡಿತ್ತು. "ಸೊಸಿ ಸಲುವಾಗಿ ಅತ್ತಿ ಮಶೇರಿ ಬಿಟ್ಟಾಳ" ಎಂದು ಜನ ಹೊಗಳುತ್ತಿದ್ದರು. ಇಂಥ ಅತ್ತೆ ಸಿಕ್ಕಿಯೂ ಅವಳಿಗೆ ಮಕ್ಕಳಾಗಲಿಲ್ಲವಲ್ಲ ಎಂದು ಅದೇ ಉಸಿರಿನಲ್ಲಿ ಶಾಂತವ್ವನನ್ನು ನೋಡುತ್ತಿದ್ದರು.

ಪ್ರೊಫೆಸರರು ಖುದ್ದಾಗಿ ಬಂದು ಕೆಲಸ ನೋಡುವವರಿದ್ದರು. ಅದಕ್ಕೆ ಒಂದು ಬೆಳಿಗ್ಗೆ ಕೆಲವು ಚಿತ್ರಗಳನ್ನು ಮತ್ತೆ ತೆಗೆಯಲು ಶಾಂತವ್ವನನ್ನು ಕೂಡಿಸಿದೆ. ಪುಡಿ ಬಳಿದೆ. "ಭಾಳ" ಎಂದಳು. ಕನ್ನಡಿ ಬಾಯಿಯ ಹತ್ತಿರ ಒಯ್ಯುವಷ್ಟರಲ್ಲಿ ಅವಳ ಮುಖ ಬಿಳಿಚಿತು, ಹಣೆಯಲ್ಲಿ ಬೆವರು ಕಾಣಿಸಿತು. ಎದ್ದವಳೇ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು.

ಅದೇ ಹೊತ್ತಿಗೆ ಮಜ್ಜಿಗೆ ಕೇಳಲು ಬಂದಿದ್ದ ನೆರೆಮನೆಯ ಗಂಗವ್ವ ಬಾಗಿಲಲ್ಲಿ ನಿಂತಿದ್ದಳು. ಅವಳು ಶಾಂತವ್ವನ ಬೆನ್ನು ನೋಡಿದಳು, ನನ್ನನ್ನು ನೋಡಿದಳು, ಪಾತ್ರೆಯನ್ನು ಕಟ್ಟೆಯ ಮೇಲಿಟ್ಟಳು.

"ನೀಲವ್ವಕ್ಕಾ! ಏ ನೀಲವ್ವಕ್ಕಾ! ಸಕ್ರಿ ತಗಿ!"

ಮಜ್ಜಿಗೆ ಒಯ್ಯದೆ ಹೋದಳು. ತುಸು ಹೊತ್ತಿನಲ್ಲೇ ಓಣಿಯ ಹೆಂಗಸರೆಲ್ಲ ಅಂಗಳದಲ್ಲಿದ್ದರು. ಶಾಂತವ್ವನನ್ನು ಕಂಬಕ್ಕೆ ಒರಗಿಸಿ ಕೂಡಿಸಿದರು. ಹುಳಿ ಬೇಕೋ ಕಾರ ಬೇಕೋ ಎಂದು ಒಬ್ಬಳು, ನಡೆಯುವಾಗ ಯಾವ ಕಾಲು ಮುಂದಿಡುತ್ತೀ ಎಂದು ಇನ್ನೊಬ್ಬಳು. ಶಾಂತವ್ವ ತಲೆಯೆತ್ತಲಿಲ್ಲ. ನಾಚಿಕೆ ಎಂದು ಎಲ್ಲರೂ ಸಂತೋಷಪಟ್ಟರು.

ನಾನು ನನ್ನ ಕೋಣೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದು ಮೂಸಿದೆ. ಪುಠಾಣಿಯ ವಾಸನೆಯ ಕೆಳಗೆ ಇನ್ನೊಂದು ಘಾಟು ಇತ್ತು. ಕುಂಚದ ಹಿಡಿಕೆಯಿಂದ ಕೆದಕಿದೆ. ಬಟ್ಟೆಯ ಒಂದು ಸಣ್ಣ ಗಂಟು ಸಿಕ್ಕಿತು, ದಾರ ಸಡಿಲಾಗಿ ಒಳಗಿನದೆಲ್ಲ ನನ್ನ ಪುಡಿಯಲ್ಲಿ ಬೆರೆತಿತ್ತು. ಕಪ್ಪಿನಲ್ಲಿ ಕಪ್ಪು, ಕಣ್ಣಿಗೆ ಗೊತ್ತಾಗುವಂತಿರಲಿಲ್ಲ. ಪರೀಕ್ಷಿಸದೆ ನಿರ್ಣಯಿಸಬಾರದು ಎಂಬುದು ನಮ್ಮ ಶಿಕ್ಷಣ. ಒಂದಿಷ್ಟು ನನ್ನ ಅಂಗುಳಿಗೆ ಬಳಿದುಕೊಂಡೆ. ಗೋಡೆ ನಿಧಾನವಾಗಿ ಎಡಕ್ಕೆ ಸರಿಯತೊಡಗಿತು. ಉಮದಿಗೆ ಬಂದ ಮೇಲೆ ಮೊದಲ ಸಲ, ಯಾರೂ ಕುಂದ್ರಿ ಎನ್ನದೆಯೇ ಕುಳಿತೆ.

ಬಾಯಿ ಮುಕ್ಕಳಿಸುವ ನೆಪದಲ್ಲಿ ಶಾಂತವ್ವ ನನ್ನ ಬಳಿ ಬಂದಳು.

"ಅಕ್ಕಾರ, ನನಗ ಹಂಗೇನಿಲ್ರಿ. ಮೊನ್ನೆ ತಾನ ಮುಟ್ಟಾಗಿ ತಲಿ ಮ್ಯಾಲ ನೀರ ಹಾಕ್ಕೊಂಡೀನ್ರಿ." ಅವಳು ಅಂಗಳದ ಕಡೆ ನೋಡಿದಳು. "ಈಗ ಇಲ್ಲ ಅಂದ್ರ ಇಷ್ಟ ಮಂದಿ ಮುಂದ ಅತ್ತಿ ಮಾರಿ ಸಣ್ಣದಾಗ್ತೈತಿ. ಅನ್ನದಿದ್ರ ಮುಂದಿನ ತಿಂಗಳಾ ನನ್ನ ಏನಂತಾರ್ರಿ? ಸುಳ್ಳು ಬಸರ ಅಂತ ಡಫಳಾಪುರದ ಹುಡುಗಿನ್ನ ಕರಕೊಂಡ ಬರ್ತಾರ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಡಬ್ಬಿಯನ್ನು ಕೈಯಲ್ಲಿ ಹಿಡಿದು ಹೊರಗೆ ಬಂದೆ. ಏನು ಹೇಳಬೇಕೆಂದು ನಿರ್ಧರಿಸಿರಲಿಲ್ಲ. ಆ ಗಂಟು ಯಾರದೆಂದು ಹೇಳುವುದು ನನ್ನ ಕೆಲಸವಲ್ಲ. ಹೇಳದಿದ್ದರೆ ಮತ್ತೇನು ಹೇಳಿದರೂ ಯಾರೂ ನಂಬುವವರಿರಲಿಲ್ಲ. ನೀಲವ್ವ ತೊಲೆಯ ಕೆಳಗೆ ಹೆಂಗಸರ ನಡುವೆ ಕುಳಿತಿದ್ದರು. ಅವರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಡಬ್ಬಿಯನ್ನು.

ಅಷ್ಟರಲ್ಲಿ ಬಳೆಗಾರ ಇಮಾಮಸಾಬರು ಬಳೆಯ ಮಲಾರ ಹೊತ್ತು ಅಂಗಳಕ್ಕೇ ಬಂದರು. ಆ ಓಣಿಯ ಎಲ್ಲ ಹೆಣ್ಣುಮಕ್ಕಳ ಕೈಯ ಅಳತೆ ಬಲ್ಲ ಹಿರಿಯರು. ಸುದ್ದಿ ಸಂತೆಯವರೆಗೆ ಹೋಗಿತ್ತು.

"ಹಸರ ಬಳಿ ತಂದೀನ್ರಿ ನೀಲವ್ವಾರ. ಮೊದಲ ಸೊಸಿ ಕೈಗೆ ಇಡೂಣು, ರೊಕ್ಕದ ಮಾತ ಆಮ್ಯಾಲ. ಎಲ್ಲೈತಿ ಕೈ, ತಾರವ್ವಾ, ಶಾಂತವ್ವ."

ಗಂಗವ್ವ ಸೊಂಟದ ಚೀಲ ಬಿಚ್ಚಿ ಒಂದು ಚಿಟಿಕೆ ಮಶೇರಿಯನ್ನು ನೀಲವ್ವನ ಅಂಗೈಯಲ್ಲಿ ಹಾಕಿದಳು. "ತಗೋ ಅಕ್ಕಾ, ನಿನ್ನ ಹರಕಿ ಫಲಾ ಕೊಡ್ತು. ಎಷ್ಟ ದಿನಾ ಬಾಯಿ ಕಟ್ಟಿದಿ. ಹಚ್ಚು ಇನ್ನ."

ನೀಲವ್ವ ಅಂಗೈಯಲ್ಲಿನ ಕಪ್ಪನ್ನು ನೋಡುತ್ತ ಕುಳಿತರು. ಶಾಂತವ್ವ ಮುಂದೆ ಚಾಚಿದ್ದ ಕೈಯನ್ನು ನೋಡಿದರು. ಹುಡುಗಿ ಅಳುತ್ತಿದ್ದಳು, ಶಬ್ದವಿಲ್ಲದೆ. ಆಮೇಲೆ ನೀಲವ್ವ ಚಿಟಿಕೆಯನ್ನು ಜೋಪಾನವಾಗಿ ಗಂಗವ್ವನ ಚೀಲಕ್ಕೇ ವಾಪಸು ಸುರಿದರು.

"ಇಮಾಮಸಾಬ, ಬಳಿ ಕಟ್ಟಿಡು."

"ಯಾಕ್ರಿ, ಬಣ್ಣ ಸೇರಲಿಲ್ಲೇನ್ರಿ?"

"ಬಣ್ಣ ಚಲೋ ಐತಿ. ಆಕಿಗೆ ಏನೂ ಆಗಿಲ್ಲ. ಆಕಿ ಬಾಯಾಗ ಹೋಗಿದ್ದು ಮಶೇರಿ. ನಂದು."

ಗಂಗವ್ವ ಮೊದಲು ಬಾಯಿಬಿಟ್ಟಳು. "ನಿಂದು ಹೆಂಗ ಆಗ್ತೈತಿ? ನೀ ಮಠದ ಅಜ್ಜಾರ ಮುಂದ ಬಿಟ್ಟೀದಿ ಅಲ್ಲ?"

"ಅಜ್ಜಾರ ಮುಂದ ಬಿಟ್ಟೀನಿ. ಅವರ ಹಿಂದ ಹಚ್ಚೀನಿ." ನೀಲವ್ವ ಸೆರಗನ್ನು ಬಾಯಿಯಿಂದ ತೆಗೆದರು. ಹಲ್ಲಿನ ಬುಡಗಳು ಕಪ್ಪಗಿದ್ದವು. "ಮನ್ಯಾಗ ಎಲ್ಲಿಟ್ರೂ ಯಾರಿಗರೆ ಕಾಣಸ್ತೈತಿ. ಅಕ್ಕಾರು ಬಂದ ದಿನಾ ಹೇಳಿದ್ರು, ಈ ಡಬ್ಬಿ ಯಾರೂ ಮುಟ್ಟಬ್ಯಾಡ್ರಿ ಅಂತ. ಅದಕ್ಕ ಅದರಾಗ ಇಟ್ಟೆ. ಅಷ್ಟ ಭದ್ರ ಜಾಗಾ ಈ ಊರಾಗ ಇನ್ನೊಂದಿಲ್ಲ."

ಯಾರೋ ಕಿಸಕ್ಕೆಂದರು. ನೀಲವ್ವ ಕೈಯೆತ್ತಿದರು.

"ನಗ್ರಿ, ಆಮ್ಯಾಲ ನಗ್ರಿ. ಮೊದಲ ಇದನ್ನ ಕೇಳ್ರಿ. ಹರಕಿ ಹೊತ್ತಾಕಿ ನಾನು, ಮುರದಾಕಿ ನಾನು. ಯಾಕ ತಡಾ ಆತು ಅಂತ ಇನ್ನ ಶಾಂತಾನ್ನ ಯಾರೂ ಕೇಳೂದಿಲ್ಲ. ಕೇಳೂದಿದ್ರ ನನ್ನ ಕೇಳ್ರಿ. ನನ್ನ ಬಾಯಿ ದೊಡ್ಡದೈತಿ, ಉತ್ತರಾ ಕೊಡ್ತೀನಿ. ಡಫಳಾಪುರಕ್ಕ ಹೋಗೂ ಬಸ್ಸಿನ್ಯಾಗ ಯಾರರೆ ಇದ್ರ ಈ ಮಾತ ಹೇಳಿ ಕಳಸ್ರಿ."

"ಅಂದ್ರ ವಾಂತಿ ಆಕೀದು, ಬಯಕಿ ನಿಂದು!" ಎಂದಳು ಗಂಗವ್ವ. ಆಗ ಅಂಗಳವೆಲ್ಲ ನಕ್ಕಿತು. ನೀಲವ್ವನೂ ನಕ್ಕರು, ಮೊದಲ ಸಲ ಸೆರಗಿಲ್ಲದೆ. ಶಾಂತವ್ವ ಎದ್ದು ಅತ್ತೆಯ ಹಿಂದೆ ಹೋಗಿ ಕುಳಿತಳು. ಅವರ ಬೆನ್ನಿನ ಮರೆಯಲ್ಲಿ ಕಣ್ಣೊರೆಸಿಕೊಂಡಳು.

ಇಮಾಮಸಾಬರು ಹಸಿರು ಬಳೆಗಳನ್ನು ಮಲಾರಕ್ಕೆ ಏರಿಸದೆ ಬೇರೆ ಅರಿವೆಯಲ್ಲಿ ಸುತ್ತಿದರು. "ಇವನ್ನ ತಗದ ಇಡ್ತೀನ್ರಿ. ಗಾಜ ಏನ ಕೆಡೂ ಮಾಲಲ್ಲ. ಬೇಕಾದಾಗ ಕರೀರಿ" ಎಂದು ಹೇಳಿ ಹೋದರು.

ಡಫಳಾಪುರದ ನಾದಿನಿ ಮುಂದೆ ಬಂದಾಗ ಆ ಹುಡುಗಿಯ ಗುಣದ ವಿಷಯ ತೆಗೆಯಲಿಲ್ಲವಂತೆ. ನೀಲವ್ವನಿಗೆ ಹರಕೆಯ ಬಗ್ಗೆ ಬುದ್ಧಿ ಹೇಳುವುದರಲ್ಲೇ ಅವಳಿಗೆ ಸಂಜೆಯ ಬಸ್ಸಿನ ಹೊತ್ತಾಯಿತಂತೆ. ಮಿಕ್ಕದ್ದು ಆ ಮನೆಯವರ ವಿಷಯ, ನಾನು ಇಲ್ಲಿ ಬರೆಯುವುದಿಲ್ಲ. ಪ್ರೊಫೆಸರರಿಗೆ ಇದನ್ನೆಲ್ಲ ಹೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, ತಂಬಾಕು ಬೆರೆತರೆ ಪುಡಿ ಹೆಚ್ಚು ಅಂಟುತ್ತದೆಯೋ ಹೇಗೆ ಎಂದು ಕೇಳಿದರು. ಅಂಟುತ್ತದೆ ಎಂದೆ. ಅದು ನಿಜವೇ ಆಗಿತ್ತು.

ಈಗಿನವರಿಗೆ ನನ್ನ ಕೆಲಸದಿಂದ ಹೇಳುವಂಥ ಸಲಹೆ ಒಂದೇ: ಇನ್ನೊಬ್ಬರ ಬಾಯಿಗೆ ಹಾಕುವುದನ್ನು ಮೊದಲು ನಿಮ್ಮ ಬಾಯಿಗೆ ಹಾಕಿ ನೋಡಿ. ಯಂತ್ರವಿರಲಿ, ಪುಡಿಯಿರಲಿ.

ಅಂಗಳದ ಆ ಗಲಾಟೆಯ ಮರುದಿನ ಬೆಳಿಗ್ಗೆ ನಾನು ಡಬ್ಬಿಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು ಬಿಸಿಲಿಗಿಟ್ಟೆ. ಹೊಸ ಇದ್ದಿಲು ಕುಟ್ಟಿ ಅರಿವೆಯಲ್ಲಿ ಸೋಸಿ, ಪುಠಾಣಿಯ ಹಿಟ್ಟು ಬೆರೆಸಿದೆ. ಒಂದು ಚಿಟಿಕೆ ನನ್ನ ನಾಲಿಗೆಯ ಮೇಲಿಟ್ಟುಕೊಂಡು ಕಾದೆ. ಗೋಡೆ ಇದ್ದಲ್ಲೇ ಇತ್ತು. ಶಾಂತವ್ವನನ್ನು ಕರೆಯಬೇಕೆನ್ನುವಷ್ಟರಲ್ಲಿ ನೀಲವ್ವ ಬಂದು ಅವಳ ಜಾಗದಲ್ಲಿ ಬಿಸಿಲಿಗೆ ಮುಖ ಮಾಡಿ ಕುಳಿತರು.

"ನೋಡ್ರಿ ಅಕ್ಕಾರ. ಇನ್ನ ಮುಚ್ಚೂದೇನ ಉಳದೈತಿ?"

ಶಾಂತವ್ವ ಕನ್ನಡಿ ಹಿಡಿದು ಪಕ್ಕದಲ್ಲಿ ನಿಂತಳು. ನಾನು ಕುಂಚದಿಂದ ಅಂಗುಳಿಗೆ ಪುಡಿ ಬಳಿದು, "ಭಾಳ ಅನ್ನಿ" ಎಂದೆ. ಅಂದರು. ಕನ್ನಡಿಯಲ್ಲಿ ನೋಡಿ ಚಿತ್ರ ಬರೆದುಕೊಂಡೆ. ಆಮೇಲೆ ಕನ್ನಡಿಯನ್ನು ತುಸು ಸರಿಸಲು ಶಾಂತವ್ವನಿಗೆ ಹೇಳಿ, ರಸ ಹೋದ ಮೂಲೆ ನುಂಗುತ್ತಿದ್ದ ಎಡಗಡೆಯ ಆ ದವಡೆಹಲ್ಲನ್ನೂ ನೋಡಿ ಸೇರಿಸಿದೆ.